ನೂರ ನಲವತ್ತೇಳನೆಯ ಗೆರೆ

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇಷ್ಟು: ನೆನೆಹಾಕಿದ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುವುದು. ಒಲೆ ಒರೆಸಿ ಹಾಲಿಡುವುದು, ಅದು ಉಕ್ಕುವಷ್ಟರಲ್ಲಿ ಪಕ್ಕದ ಉರಿಯಲ್ಲಿ ಅತ್ತೆಯ ಮೊಣಕಾಲಿಗೆ ಎಣ್ಣೆ ಬಿಸಿ ಮಾಡುವುದು. ಗಂಡನ ಸಮವಸ್ತ್ರಕ್ಕೆ ಇಸ್ತ್ರಿ, ಕಾಲರಿಗೆ ಎರಡು ಸಲ. ಮಗಳ ಡಬ್ಬಿ, ಗಂಡನ ಡಬ್ಬಿ, ಕೊನೆಗೆ ತನ್ನ ಡಬ್ಬಿ. ಈ ಕ್ರಮ ತಪ್ಪುವಂತಿಲ್ಲ, ಯಾಕೆಂದರೆ ಪಲ್ಯ ಕಮ್ಮಿ ಬಿದ್ದರೆ ಅದು ಅವಳ ಡಬ್ಬಿಯಲ್ಲೇ ಕಮ್ಮಿ ಬೀಳಬೇಕು. ಅತ್ತೆಯ ಮಾತ್ರೆಗಳನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಬಟ್ಟಲಿಗೆ ಹಂಚುವುದು. ಮೋಟರು ಹಾಕಿ ಮಹಡಿಯ ಟ್ಯಾಂಕು ತುಂಬಿಸುವುದು, ತುಂಬಿ ಗೋಡೆಯ ಮೇಲೆ ಹರಿಯುವ ಮುಂಚೆ ಓಡಿಹೋಗಿ ಆರಿಸುವುದು.

ಮೋಟರಿನ ಸದ್ದಾದರೆ ಒಳಗಿನ ಮಂಚದಿಂದ ಅತ್ತೆಯ ಧ್ವನಿ ಹೊರಡುತ್ತಿತ್ತು.

"ಸ್ವಿಚ್ ಒತ್ತಿದ್ರೆ ನೀರು. ನಿಂದೇನಮ್ಮ! ನಾನು ನಾಲ್ಕಕ್ಕೆ ಎರಡು ಕೊಡ ಹಿಡ್ಕೊಂಡು ಹೊರಟ್ರೆ ವಾಪಸ್ ಬರೋದು ಆರಕ್ಕೆ. ಒಂದಿನ ಅಲ್ಲ, ಎರಡು ದಿನ ಅಲ್ಲ, ಹನ್ನೊಂದು ವರ್ಷ."

ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷದಿಂದ ಅವಳು ಈ ಎರಡು ಕೊಡಗಳ ಕೆಳಗೇ ಬದುಕಿದ್ದಳು. ಜ್ವರ ಬಂದು ಮಲಗಿದರೆ ಎರಡು ಕೊಡ. ಹೆರಿಗೆಯಾದ ಹದಿನೈದನೇ ದಿನಕ್ಕೆ ನೆಲ ಒರೆಸಲು ಬಗ್ಗಿದಾಗ ಸೊಂಟ ಹಿಡಿದರೆ ಎರಡು ಕೊಡ. ಗಂಡ ಬಸ್ ಡಿಪೋದಲ್ಲಿ ಟೈಮ್ ಕೀಪರು. ಅವನಿಗಂತೂ ಈ ಕೊಡದ ಕಥೆ ಬಾಯಿಪಾಠ. ನೆಂಟರು ಬಂದರೆ ಸಾಕು, "ನಮ್ಮಮ್ಮ ದಿನಾ ಎರಡು ಗಂಟೆ ನಡೆದು ನೀರು ತಂದು ನಮ್ಮನ್ನ ಸಾಕಿದಾಳೆ" ಎಂದು ಶುರು ಮಾಡಿ, ಕಣ್ಣು ಒದ್ದೆ ಮಾಡಿಕೊಂಡು, "ಇನ್ನೊಂದು ಲೋಟ ನೀರು ತಾರೇ" ಎಂದು ಅಡುಗೆಮನೆಯತ್ತ ಕೂಗುತ್ತಿದ್ದ.

ಅವಳಿಗೆ ಕೆಲಸ ದಾಖಲೆ ಭವನದಲ್ಲಿ. ಹೊಲಿಗೆ ಕಲಿತವಳು ಎಂಬ ಕಾರಣಕ್ಕೆ ಒಂಬತ್ತು ವರ್ಷದ ಹಿಂದೆ ಅವಳನ್ನು ಅಲ್ಲಿಗೆ ತೆಗೆದುಕೊಂಡಿದ್ದರು. ಹರಿದ ಹಳೆಯ ನಕ್ಷೆಗಳ ಬೆನ್ನಿಗೆ ತೆಳು ಕಾಗದ ಅಂಟಿಸಿ ಗಟ್ಟಿ ಮಾಡುವ ಕೆಲಸ. ಆಮೇಲೆ ನಕ್ಷೆಗಳೆಲ್ಲ ಸ್ಕ್ಯಾನ್ ಆಗಿ ಕಂಪ್ಯೂಟರಿನೊಳಗೆ ಹೋದವು, ಅವುಗಳ ಹಿಂದೆಯೇ ಅವಳೂ ಹೋದಳು. ನೂರು ವರ್ಷದ ಹಿಂದಿನ ಕೈಬರಹದ ನಕ್ಷೆಯನ್ನು ಇಂದಿನ ನಕ್ಷೆಯ ಮೇಲೆ ಹೊದಿಸಿ, ಎರಡರಲ್ಲೂ ಅಲುಗಾಡದೆ ಉಳಿದಿರುವ ಜಾಗಗಳಿಗೆ, ಅಂದರೆ ಸೇತುವೆಯ ಕಂಬ, ಗಿರಣಿಯ ಚಿಮಣಿ, ಗಡಿಯಾರದ ಗೋಪುರಕ್ಕೆ, ಒಂದೊಂದು ಗುರುತು ಚುಚ್ಚಿ ಕೂರಿಸಬೇಕು. ಕೋಟಿನೊಳಗೆ ಅಸ್ತರು ಬಟ್ಟೆ ಕೂರಿಸಿ ಗೊತ್ತಿದ್ದವಳಿಗೆ ಇದೇನು ಕಷ್ಟ? ಎಲ್ಲಿ ಎಳೆದರೆ ಎಲ್ಲಿ ಸುಕ್ಕು ಬೀಳುತ್ತದೆ ಎಂದು ಅವಳ ಬೆರಳಿಗೇ ತಿಳಿಯುತ್ತಿತ್ತು. ಆಫೀಸಿನಲ್ಲಿ ಅವಳಿಗೆ ಗುಂಡುಸೂಜಿ ಎಂದೇ ಹೆಸರಾಯಿತು. ಇಷ್ಟು ವರ್ಷದಲ್ಲಿ ಗುಂಡುಸೂಜಿ ಒಂದೇ ಒಂದು ಗುರುತನ್ನೂ ತಪ್ಪಾಗಿ ಚುಚ್ಚಿರಲಿಲ್ಲ. ಮನೆಯಲ್ಲಿ ಅವಳು ಏನು ಮಾಡಿದರೂ ಒಂದು ಕೊಂಕು ಇದ್ದೇ ಇರುತ್ತಿತ್ತು. ಇಲ್ಲಿ ಮಾತ್ರ ಅವಳು ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು.

ಈ ವರ್ಷದ ನಕ್ಷೆಗೆ 'ನೀರಿನ ದಾರಿಗಳು' ಎಂದು ಹೆಸರಿಟ್ಟಿದ್ದರು. ಮನೆಮನೆಗೆ ನಲ್ಲಿ ಬರುವ ಮುಂಚೆ ಊರಿನ ಹೆಂಗಸರು ಎಲ್ಲಿಂದ ಎಲ್ಲಿಗೆ ನೀರು ಹೊರುತ್ತಿದ್ದರು ಎಂದು ಇನ್ನೂರ ಹನ್ನೊಂದು ಮುದುಕಿಯರ ಮಾತು ರೆಕಾರ್ಡ್ ಮಾಡಿದ್ದರು. ಪರದೆಯ ಮೇಲೆ ಒಂದೊಂದು ದಾರಿಯೂ ಒಂದೊಂದು ನೀಲಿ ಗೆರೆ. ಮುಟ್ಟಿದರೆ ಆ ದಾರಿಯಲ್ಲಿ ನಡೆದವಳ ಧ್ವನಿಯೇ ಮಾತಾಡುತ್ತದೆ. ಆದರೆ ಹೇಳಿದ ಹೊತ್ತಿಗೂ ನಕ್ಷೆ ಅಳೆದ ದೂರಕ್ಕೂ ತಾಳೆಯಾಗದಿದ್ದರೆ ಗೆರೆ ಕೆಂಪಾಗುತ್ತದೆ. ಕೆಂಪು ಗೆರೆಗೆ ಕಾರಣ ಹುಡುಕಿ ಬರೆದು ಅದನ್ನು ನೀಲಿ ಮಾಡುವುದು ಗುಂಡುಸೂಜಿಯ ಕೆಲಸ.

ಅವಳು ಮೂವತ್ತಾರು ಕೆಂಪು ಗೆರೆಗಳನ್ನು ಬಿಡಿಸಿದ್ದಳು. ಒಬ್ಬಳು ನೀರಿಗೆ ಹೋಗುವಾಗಲೇ ಅವರಿವರ ಮನೆಯಂಗಳ ಗುಡಿಸಿ ಹೋಗುತ್ತಿದ್ದಳು. ಇನ್ನೊಬ್ಬಳು ದಾರಿಯಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ಮಗ್ಗುಲು ಬದಲಿಸಿ ಮಲಗಿಸಿ ಬರುತ್ತಿದ್ದಳು. ಕಾಣೆಯಾದ ಹೊತ್ತನ್ನು ಹುಡುಕಿಕೊಂಡು ಹೋದರೆ ಸಿಗುವುದು ಇನ್ನೊಂದು ಕೆಲಸವೇ ಎಂದು ಅವಳಿಗೆ ಖಾತ್ರಿಯಾಗಿತ್ತು.

ಆಮೇಲೆ ನೂರ ನಲವತ್ತೇಳನೆಯ ಗೆರೆ ಬಂತು. ಅದು ಅತ್ತೆಯದು. ಪತ್ರಿಕೆಯಲ್ಲಿ ಪ್ರಕಟಣೆ ನೋಡಿ ಗಂಡನೇ ತಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ರೆಕಾರ್ಡ್ ಮಾಡಿಸಿದ್ದ. ಗಿರಣಿಯ ಹಿಂದಿನ ಸಾಲುಮನೆಯಿಂದ ಸೇತುವೆ ಬುಡದ ನಲ್ಲಿಯವರೆಗೆ ಅವಳು ಗುರುತು ಚುಚ್ಚಿದಳು. ಗೆರೆ ಒಮ್ಮೆಲೇ ರಕ್ತದಂತೆ ಕೆಂಪಾಯಿತು.

ದೂರ ಒಂಬೈನೂರು ಮೀಟರು. ಖಾಲಿ ಕೊಡದಲ್ಲಿ ಹನ್ನೆರಡು ನಿಮಿಷ, ತುಂಬಿದ ಕೊಡದಲ್ಲಿ ಇಪ್ಪತ್ತು, ತುಂಬಿಸಲು ಹತ್ತು. ಅತ್ತೆ ಹೇಳಿದ್ದು ಎರಡು ಗಂಟೆ. ಉಳಿದದ್ದು ಒಂದು ಗಂಟೆ ಹದಿನೆಂಟು ನಿಮಿಷ.

ಸಾಲು ಉದ್ದವಿದ್ದಿರಬೇಕು ಎಂದುಕೊಂಡು ಅವಳು ನೀರು ಸರಬರಾಜಿನ ಹಳೆಯ ಪುಸ್ತಕ ತೆಗೆದಳು. ಆ ನಲ್ಲಿಯಲ್ಲಿ ಆರು ಗಂಟೆಗೆ ಮುಂಚೆ ಹತ್ತು ಹನ್ನೆರಡು ಕೊಡಕ್ಕಿಂತ ಹೆಚ್ಚು ತುಂಬಿದ್ದೇ ಇಲ್ಲ. ಅದೇ ಓಣಿಯ ಇನ್ನೊಬ್ಬ ಮುದುಕಿ ರೆಕಾರ್ಡಿನಲ್ಲಿ ನಗುತ್ತಾ ಹೇಳಿದ್ದಳು: "ಆರರ ಮುಂಚೆ ಆ ನಲ್ಲಿ ಹತ್ರ ನಾಯಿಯೂ ಇರ್ತಿರಲಿಲ್ಲ. ಜಗಳ ಆಡೋಕೆ ಜನ ಬೇಕಲ್ಲ ಅಂತ ನಾವು ಏಳಕ್ಕೆ ಹೋಗ್ತಿದ್ವಿ."

ಅವಳು ಕುರ್ಚಿಗೆ ಒರಗಿ ಕೂತಳು. ಹಾಗಾದರೆ ಅತ್ತೆ ಎಲ್ಲಿ ಹೋಗುತ್ತಿದ್ದರು?

ನಕ್ಷೆಗೆ ಇನ್ನೊಂದು ವಿದ್ಯೆ ಗೊತ್ತಿತ್ತು. ಒಂದು ಗುರುತಿನಿಂದ ಇಷ್ಟು ನಿಮಿಷದಲ್ಲಿ ಎಲ್ಲೆಲ್ಲಿಗೆ ನಡೆಯಬಹುದು ಎಂದು ಕೇಳಿದರೆ ಸುತ್ತ ಒಂದು ವೃತ್ತ ಬರೆದುಕೊಡುತ್ತಿತ್ತು. ನಲ್ಲಿಯ ಸುತ್ತ ಅವಳು ಅದನ್ನು ಬರೆಸಿದಳು. ವೃತ್ತದೊಳಗೆ ಒಂದು ಅಚ್ಚುಕೂಟ, ವಕೀಲರ ಮನೆ, ಸಾರಾಯಿ ಅಂಗಡಿ, ಗರಡಿಮನೆ, ಬ್ಯಾಂಡ್ ಮಾಸ್ಟರನ ಮನೆ. ಒಂದೊಂದನ್ನೇ ದೊಡ್ಡದು ಮಾಡಿ ನೋಡಿದಳು. ಅತ್ತೆಯ ಮುಖವನ್ನು ಒಂದೊಂದು ಬಾಗಿಲಲ್ಲೂ ನಿಲ್ಲಿಸಿ ನೋಡಿದಳು. ವಕೀಲರ ಮನೆಯಲ್ಲಿ ನಿಲ್ಲಲಿಲ್ಲ. ಸಾರಾಯಿ ಅಂಗಡಿಯನ್ನು ನೆನೆದು ಅವಳಿಗೇ ನಗು ಬಂತು. ಬ್ಯಾಂಡ್ ಮಾಸ್ಟರನ ಬಾಗಿಲಲ್ಲಿ ಮಾತ್ರ ಮುಖ ಚೆನ್ನಾಗಿಯೇ ಕೂತಿತು. ತರಕಾರಿ ಹೆಚ್ಚುವಾಗ ಅತ್ತೆ ಒಂದು ರಾಗ ಗುನುಗುತ್ತಿದ್ದರಲ್ಲ, ಮಾತಿಲ್ಲದ ರಾಗ, ಅದನ್ನು ಯಾರು ಕಲಿಸಿದ್ದು?

ಎರಡು ದಿನ ಅವಳು ಬ್ಯಾಂಡ್ ಮಾಸ್ಟರನನ್ನು ಮನಸ್ಸಿನಲ್ಲಿಟ್ಟುಕೊಂಡು ಅತ್ತೆಗೆ ಎಣ್ಣೆ ಹಚ್ಚಿದಳು. ಈ ಮೊಣಕಾಲು ಎಲ್ಲೆಲ್ಲಿ ಓಡಾಡಿತ್ತೋ! ಮೂರನೇ ದಿನ ಬಟಾಣಿ ಬಿಡಿಸುತ್ತಾ, ಮಾತಿಗೆ ಮಾತು ಎಂಬಂತೆ ಕೇಳಿದಳು.

"ಅತ್ತೆ, ಆ ಸೇತುವೆ ನಲ್ಲಿ ಹತ್ರ ಬೆಳಗ್ಗೆ ತುಂಬಾ ಜನ ಇರ್ತಿದ್ರಾ?"

"ಇರದೇ ಏನು? ನೂಕುನುಗ್ಗಲು."

"ನಾಲ್ಕು ಗಂಟೆಗೂ?"

ಅತ್ತೆಯ ಬೆರಳು ಸಿಪ್ಪೆಯೊಳಗೆ ನಿಂತಿತು. "ಯಾಕೆ ಕೇಳ್ತಿದ್ದೀಯ? ನೀನು ಕೇಳ್ತಿದ್ದೀಯೋ, ಆ ನಿನ್ನ ಕಂಪ್ಯೂಟರ್ ಕೇಳ್ತಿದೆಯೋ?"

"ಸುಮ್ನೆ ಕೇಳಿದೆ."

"ಸುಮ್ನೆ ಕೇಳೋರ ಮುಖ ಹಾಗಿರಲ್ಲಮ್ಮ." ಅತ್ತೆ ಬಟಾಣಿಯ ತಟ್ಟೆಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಆಮೇಲೆ ಇಡೀ ಸಂಜೆ ರಾಗವೂ ಇಲ್ಲ, ಎರಡು ಕೊಡವೂ ಇಲ್ಲ.

ಅದೇ ವಾರ ಗಂಡನೂ ಅವಳನ್ನು ವಿಚಾರಣೆ ಮಾಡಿದ. ಮನೆಯವರೆಲ್ಲ ಎಲ್ಲೆಲ್ಲಿದ್ದಾರೆ ಎಂದು ತೋರಿಸುವ ನಕ್ಷೆಯೊಂದನ್ನು ಅವನು ಫೋನಿಗೆ ಹಾಕಿಕೊಂಡಿದ್ದ. ಡಿಪೋದಲ್ಲಿ ಬಸ್ಸುಗಳನ್ನು ನೋಡುವ ಹಾಗೆಯೇ ಹೆಂಡತಿ ಮಗಳನ್ನೂ ನೋಡುತ್ತಿದ್ದ.

"ಆಫೀಸ್ ಬಿಟ್ಟಿದ್ದು ಐದೂ ಮೂವತ್ತೆರಡು. ಔಷಧಿ ಅಂಗಡಿ ತಿರುವಲ್ಲಿ ಹನ್ನೊಂದು ನಿಮಿಷ ನಿಂತಿದ್ದೀಯ. ಅಲ್ಲಿ ಏನಿತ್ತು?"

"ಬಸ್ ರಶ್ ಇತ್ತು ರೀ. ಒಂದು ಬಿಟ್ಟೆ."

"ಮೂರು ಬಂದಿದೆ ಅಷ್ಟರಲ್ಲಿ. ನಂಗೇ ಹೇಳ್ತೀಯಾ ಬಸ್ ವಿಷಯ?"

ಅವಳು ಸ್ಟಾಪಿನ ಕಲ್ಲುಬೆಂಚಿನ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು, ಅಷ್ಟೆ. ಅದನ್ನು ಹೇಳಿದರೆ ಯಾರು ನಂಬುತ್ತಾರೆ? ಏನೂ ಮಾಡದೆ ಕೂತಿದ್ದೆ ಎನ್ನುವುದಕ್ಕಿಂತ ಸುಳ್ಳು ಹೇಳುವುದೇ ವಾಸಿ ಎನಿಸಿ, "ಮಗಳಿಗೆ ಪೆನ್ನು ಹುಡುಕ್ತಿದ್ದೆ" ಎಂದಳು. ಗಂಡ ಫೋನಿನಲ್ಲಿ ಆ ತಿರುವನ್ನು ದೊಡ್ಡದು ಮಾಡಿ, ಅಲ್ಲಿ ಪೆನ್ನಿನ ಅಂಗಡಿ ಇದೆಯೇ ಎಂದು ನೋಡಿದ. ಪುಣ್ಯಕ್ಕೆ ಒಂದಿತ್ತು.

ಮರುದಿನ ಮೇಲಧಿಕಾರಿ ಮೇಡಂ ಅವಳ ಮೇಜಿಗೆ ಬಂದರು. ಅವರಿಗೆ ಎಲ್ಲರ ಮೇಲೂ ಅನುಮಾನ. ಹಳೆಯ ಕಾಗದ ಮುಟ್ಟುವವರ ಕೈ ಮೂಸಿ ನೋಡಿಯೇ ಒಳಗೆ ಬಿಡುತ್ತಿದ್ದರು.

"ಗುಂಡುಸೂಜಿ, ಸೋಮವಾರ ಉದ್ಘಾಟನೆ. ನೂರ ನಲವತ್ತೇಳು ಯಾಕೆ ಇನ್ನೂ ಕೆಂಪಗಿದೆ?"

"ಕಾರಣ ಸಿಕ್ಕಿಲ್ಲ ಮೇಡಂ."

"ನಿಮ್ಮತ್ತೆಯವರೇ ಅಲ್ವಾ? ಮನೇಲಿ ಸಿಗದೇ ಇರೋ ಕಾರಣ ಯಾವುದಮ್ಮ? ಕೇಳ್ಕೊಂಡು ಬನ್ನಿ. ನಿಮ್ಮ ಯಜಮಾನ್ರು ಫೋನ್ ಮಾಡಿದ್ರು ಬೇರೆ. ಅಮ್ಮನ ಗೆರೆನೇ ಮೊದಲು ತೋರಿಸಬೇಕಂತೆ, ದೊಡ್ಡ ಪರದೆ ಮೇಲೆ. ಡಿಪೋದವರನ್ನೆಲ್ಲ ಕರ್ಕೊಂಡು ಬರ್ತಾರಂತೆ."

ಮೇಡಂ ಹೋದ ಮೇಲೆ ಅವಳು ಬಾಕಿ ಉಳಿದಿದ್ದ ಬೇರೊಂದು ಕಂತೆಗೆ ಕೈ ಹಾಕಿದಳು. ಹಳೆಯ ರೈಲು ನಿಲ್ದಾಣದ ನೌಕರರ ಮಾತುಗಳು. ಮೂರನೆಯದು ಹೆಂಗಸರ ವಿಶ್ರಾಂತಿ ಕೋಣೆಯ ಆಯಾಳದ್ದು. ರೆಕಾರ್ಡ್ ಮಾಡಿದ ಮೇಲೆ ತೀರಿಕೊಂಡಿದ್ದಾಳೆ ಎಂದು ಕಡತದಲ್ಲಿ ಬರೆದಿತ್ತು. ಧ್ವನಿಯಲ್ಲಿ ಒಣ ಕೆಮ್ಮು. ಕಸ ಗುಡಿಸಿದ್ದು, ಟಿಕೆಟ್ ಇಲ್ಲದವರನ್ನು ಓಡಿಸಿದ್ದು, ಒಂದು ಸಲ ಹೆರಿಗೆ ಮಾಡಿಸಿದ್ದು ಹೇಳಿ, ಆಮೇಲೆ ಹೇಳಿದಳು:

"ಒಬ್ಳು ಬರ್ತಿದ್ಲು. ಕತ್ತಲಲ್ಲೇ ಬರೋಳು. ಎರಡು ಖಾಲಿ ಕೊಡ. ಪ್ರಯಾಣ ಇಲ್ಲ, ಟಿಕೆಟ್ ಇಲ್ಲ. ಮೊದಲ ದಿನ ಬೈದೆ. ಅವಳು ನಿಂತಲ್ಲೇ ತೂಕಡಿಸಿದ್ಲು. ನಿಂತ್ಕೊಂಡೇ ನಿದ್ದೆ ಮಾಡೋ ಕುದುರೆ ನೋಡಿದೀನಿ, ಹೆಂಗಸನ್ನ ಅವತ್ತೇ ನೋಡಿದ್ದು. ಆಮೇಲೆ ಏನೂ ಕೇಳೋಕೆ ಹೋಗ್ಲಿಲ್ಲ. ಕೊಡ ಬೆಂಚಿನ ಕೆಳಗಿಟ್ಟು, ಯಾರಾದ್ರೂ ಎತ್ಕೊಂಡು ಹೋದ್ರೆ ಎಚ್ಚರ ಆಗ್ಲಿ ಅಂತ ಶಾಲಿನ ತುದಿನ ಕೊಡದ ಕುತ್ತಿಗೆಗೆ ಕಟ್ಟಿ, ಬೆಂಚಿನ ಮೇಲೆ ಬಿದ್ರೆ ಬಿದ್ಲು. ಐದೂ ಇಪ್ಪತ್ತರ ಗಾಡಿ ಕೂಗಿದ್ರೂ ಏಳೋಳಲ್ಲ. ನಾನೇ ಪೊರಕೆ ಕಡ್ಡಿಲಿ ಕಾಲು ಮುಟ್ಟಿ ಎಬ್ಬಿಸ್ತಿದ್ದೆ. ಎಷ್ಟೋ ವರ್ಷ. ಹೆಸರು ಗೊತ್ತಿಲ್ಲ. ಕೇಳಿದ್ರೆ ಬರೋದು ಬಿಟ್ಟುಬಿಡ್ತಾಳೆ ಅಂತ ಕೇಳ್ಲಿಲ್ಲ."

ನಿಲ್ದಾಣಕ್ಕೆ ಗುರುತು ಚುಚ್ಚಿದಳು. ಸೇತುವೆಯ ಆ ಬದಿ, ನಲ್ಲಿಯಿಂದ ನಾಲ್ಕು ನಿಮಿಷ. ಅದೇ ಹೊತ್ತು, ಅದೇ ದಾರಿ, ಎರಡು ಕೊಡ ಎಂಬುದನ್ನೆಲ್ಲ ತಾನೇ ಜೋಡಿಸಿ ನೋಡಿದ ಕಂಪ್ಯೂಟರು ಪರದೆಯ ನಡುವೆ ಒಂದು ಪ್ರಶ್ನೆ ತಂದಿಟ್ಟಿತು: 'ಈ ಹೆಂಗಸು ಮತ್ತು ಧ್ವನಿ ೧೪೭ ಒಬ್ಬರೇ?' ಕೆಳಗೆ ಮೂರು ಗುಂಡಿ. ಹೌದು. ಅಲ್ಲ. ಗೊತ್ತಿಲ್ಲ.

ಅವಳು ಪರದೆ ಮುಚ್ಚಿ ಮನೆಗೆ ಹೊರಟಳು. ಅಂದು ಶನಿವಾರ, ಅರ್ಧ ದಿನ. ಒಳಗೆ ಕಾಲಿಟ್ಟಾಗ ಅತ್ತೆ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಔಷಧಿಯ ಚೀಲ. ಚೀಲದ ಹಿಡಿಗೆ ಶಾಲಿನ ತುದಿ ಗಂಟು. ಹತ್ತೊಂಬತ್ತು ವರ್ಷ ಇದನ್ನು ನೋಡಿದ್ದಳು. ಮುದುಕರ ಚಾಳಿ ಎಂದುಕೊಂಡು ಎಷ್ಟೋ ಸಲ ಬಿಚ್ಚಿಯೂ ಇದ್ದಳು.

ಮೊದಲು ಬಂದದ್ದು ಕೋಪ. ಮಲಗುತ್ತಿದ್ದರು! ನನ್ನ ಜ್ವರದ ಮೇಲೆ, ನನ್ನ ಸೊಂಟದ ಮೇಲೆ ಹನ್ನೊಂದು ವರ್ಷದ ಆ ಎರಡು ಗಂಟೆಗಳನ್ನು ಹೇರಿದರಲ್ಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಂಚಿನ ಮೇಲಿನ ನಿದ್ದೆ! ಬ್ಯಾಂಡ್ ಮಾಸ್ಟರನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಸೋಮವಾರ ಇಡೀ ಡಿಪೋದ ಮುಂದೆ ಆಯಾಳ ಕೆಮ್ಮು ಕೇಳಿಬರಲಿ. ಆಮೇಲೆ ಈ ಮನೆಯಲ್ಲಿ ಯಾರಾದರೂ ಕೊಡದ ಮಾತೆತ್ತಲಿ, ನೋಡೋಣ.

ಸಂಜೆ ಅತ್ತೆಯ ರೆಕಾರ್ಡನ್ನು ಫೋನಿನಲ್ಲಿ ಮತ್ತೆ ಕೇಳಿದಳು, ಪಾತ್ರೆ ತೊಳೆಯುತ್ತಾ, ಒಂದು ಕಿವಿಗೆ ಮಾತ್ರ ವೈರು ಸಿಕ್ಕಿಸಿಕೊಂಡು. ಮೊದಲ ಸಲ ಕೇಳಿದಾಗ ದಾರಿ ಹುಡುಕುವ ಭರದಲ್ಲಿ ಬಿಟ್ಟುಹೋಗಿದ್ದ ಮಾತೊಂದು ಈಗ ಸಿಕ್ಕಿತು. "ಇವರು ಎರಡನೇ ಪಾಳಿ ಬಿಟ್ಟು ಬರೋದು ಹನ್ನೆರಡೂವರೆಗೆ. ಊಟ ಬಡಿಸಿ, ಪಾತ್ರೆ ತಿಕ್ಕಿ, ನಮ್ಮತ್ತೆ ಕಾಲು ಒತ್ತಿ ಒಂದೂವರೆ. ಮಾವ, ಅತ್ತೆ, ಮೂರು ಮಕ್ಕಳು, ಎಲ್ಲ ಒಂದೇ ಕೋಣೆ. ನನ್ನ ಜಾಗ ಬಾಗಿಲ ಹತ್ರ. ರಾತ್ರಿ ಯಾರೇ ಎದ್ರೂ ನನ್ನ ದಾಟ್ಕೊಂಡೇ ಹೋಗ್ಬೇಕು." ಪ್ರಶ್ನೆ ಕೇಳುತ್ತಿದ್ದವನು ಇದಕ್ಕೆ "ಹೂಂ, ನೀರಿನ ವಿಷಯ ಹೇಳಿ ಅಜ್ಜಿ" ಎಂದಿದ್ದ.

ಅವಳು ಬಾಣಲೆಯನ್ನು ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ತಿಕ್ಕಿದಳು.

ಭಾನುವಾರ ಬೆಳಗ್ಗೆ ಎಣ್ಣೆ ಹಚ್ಚುವಾಗ ಅತ್ತೆ ಗೋಡೆಯ ಕಡೆ ಮುಖ ಮಾಡಿದ್ದರು. ಇದ್ದಕ್ಕಿದ್ದಂತೆ ಕೇಳಿದರು.

"ನಿಮ್ಮ ಆ ನಕ್ಷೇಲಿ ರೈಲ್ವೆ ಸ್ಟೇಷನ್ ಇದೆಯಾ?"

"ಇದೆ ಅತ್ತೆ."

"ಹೊಸದಾ? ಕೆಡವಿದ್ರಲ್ಲ, ಆ ಹಳೇದಾ?"

"ಹಳೇದು."

"ಒಳಗಡೆ ಕೋಣೆ ಗೀಣೆ ಎಲ್ಲ ಕಾಣ್ಸುತ್ತಾ?"

"ಕಾಣ್ಸಲ್ಲ. ಆದ್ರೆ ಅಲ್ಲಿ ಕೆಲಸ ಮಾಡ್ತಿದ್ದೋರು ಮಾತಾಡಿದ್ದಾರೆ."

ಮೊಣಕಾಲಿನ ಸ್ನಾಯು ಅವಳ ಅಂಗೈ ಕೆಳಗೆ ಬಿಗಿಯಾಯಿತು. ಅತ್ತೆ ತಿರುಗಲಿಲ್ಲ. ಬೇಡಿಕೊಳ್ಳುವ ಜಾತಿಯವರಲ್ಲ ಅವರು. "ಎಣ್ಣೆ ತಣ್ಣಗಾಗಿದೆ. ಒಂದು ಕೆಲಸ ನೆಟ್ಟಗೆ ಮಾಡಕ್ಕೆ ಬರಲ್ಲ ನಿಂಗೆ" ಎಂದರು.

ಅಷ್ಟರಲ್ಲಿ ಗಂಡ ಇಸ್ತ್ರಿಯಾದ ಅಂಗಿಯನ್ನು ಎತ್ತಿಹಿಡಿದು ಒಳಗೆ ಬಂದ. "ಅಮ್ಮಾ, ನಾಳೆ ಇದೇ ಹಾಕ್ಕೊಳ್ತೀನಿ. ಎಷ್ಟು ಕಿಲೋಮೀಟರ್ ಆಗುತ್ತೆ ಅಂತ ಲೆಕ್ಕ ಹಾಕ್ತಿದ್ದೀನಿ. ದಿನಕ್ಕೆ ಎರಡು ಗಂಟೆ, ಹನ್ನೊಂದು ವರ್ಷ. ಭಾಷಣದಲ್ಲಿ ಹೇಳ್ಬೇಕಲ್ಲ." ಆಮೇಲೆ ಹೆಂಡತಿಯತ್ತ, "ನಕ್ಷೆಯಿಂದ ಸರಿಯಾದ ದೂರ ತಗೊಂಡು ಬಾರೇ. ನಿಮಿಷ ಸಮೇತ."

ನಿಮಿಷ ಸಮೇತ. ಇವನು ಲೆಕ್ಕ ಹಾಕದೆ ಬಿಡುವವನಲ್ಲ. ಒಂದು ಗಂಟೆ ಹದಿನೆಂಟು ನಿಮಿಷವನ್ನು ಹನ್ನೊಂದು ವರ್ಷಕ್ಕೆ ಗುಣಿಸುತ್ತಾನೆ. ಮೊದಲು ಡಿಪೋದವರ ಮುಂದೆ ಮುಖ ಕೆಂಪಗೆ ಮಾಡಿಕೊಳ್ಳುತ್ತಾನೆ. ಮನೆಗೆ ಬಂದು ಇದೇ ಮಂಚದ ಎದುರು ಕುರ್ಚಿ ಹಾಕಿಕೊಂಡು ಕೇಳುತ್ತಾನೆ: ನಾನು ಚಿಕ್ಕವನಿದ್ದಾಗ ನಮ್ಮನ್ನ ಬಿಟ್ಟು ನೀನು ಸ್ಟೇಷನ್ನಲ್ಲಿ ಏನು ಮಾಡ್ತಿದ್ದೆ? ನಿದ್ದೆ ಎಂದರೆ, ಬರೀ ನಿದ್ದೆನಾ ಎಂದು ಕೇಳುತ್ತಾನೆ. ಕೇಳುವ ರೀತಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾನೇ ಎರಡು ದಿನ ಆ ಮುದುಕಿಯನ್ನು ಬ್ಯಾಂಡ್ ಮಾಸ್ಟರನ ಬಾಗಿಲಲ್ಲಿ ನಿಲ್ಲಿಸಿರಲಿಲ್ಲವೇ?

ಸೋಮವಾರ ಅವಳು ಎಲ್ಲರಿಗಿಂತ ಮೊದಲು ಆಫೀಸು ತಲುಪಿದಳು. ಕೆಳಗಿನ ಸಭಾಂಗಣದಲ್ಲಿ ಕುರ್ಚಿ ಎಳೆಯುವ ಸದ್ದು. ಮೇಲೆ ಯಾರೂ ಇಲ್ಲ. ಪರದೆ ತೆರೆದಳು. ಪ್ರಶ್ನೆ ಬಿಟ್ಟಲ್ಲೇ ಕಾದಿತ್ತು.

'ಹೌದು' ಒತ್ತಿದರೆ ಗೆರೆ ತಾನಾಗಿಯೇ ನೀಲಿಯಾಗುತ್ತದೆ, ಆಯಾಳ ಮಾತು ಅತ್ತೆಯ ಮಾತಿನ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅದು ನಿಜ. 'ಗೊತ್ತಿಲ್ಲ' ಒತ್ತಿದರೆ ಮೇಡಂ ಮೇಜಿಗೆ ಹೋಗುತ್ತದೆ. ಮೇಡಂ ಎರಡನ್ನೂ ಕೇಳಿ ಅರ್ಧ ನಿಮಿಷದಲ್ಲಿ 'ಹೌದು' ಎನ್ನುತ್ತಾರೆ, ಅವಳ ಕೈ ಮಾತ್ರ ಶುದ್ಧವಾಗಿ ಉಳಿಯುತ್ತದೆ. 'ಅಲ್ಲ' ಒತ್ತಿದರೆ ಸುಳ್ಳು. ಯಾರು ಒತ್ತಿದ್ದು, ಎಷ್ಟು ಗಂಟೆಗೆ ಎಂಬುದೆಲ್ಲ ನೌಕರಿಯ ನಂಬರಿನ ಸಮೇತ ಒಳಗೆ ದಾಖಲಾಗುತ್ತದೆ. ಎಂದಾದರೂ ಒಬ್ಬ ಬುದ್ಧಿವಂತ ಕುಳಿತು ತಾಳೆ ನೋಡಿದರೆ ಗುಂಡುಸೂಜಿಯ ಒಂಬತ್ತು ವರ್ಷದ ಹೆಸರು ಒಂದೇ ಏಟಿಗೆ ಹೋಗುತ್ತದೆ. ಈ ಬೆಲೆ ಕೊಡುವಷ್ಟು ಪ್ರೀತಿ ಅತ್ತೆಯ ಮೇಲೆ ತನಗಿದೆಯೇ ಎಂದು ಕೇಳಿಕೊಂಡಳು. ಇರಲಿಲ್ಲ. ಇಂದು ಬೆಳಗ್ಗೆಯೂ ಮೋಟರಿನ ಸದ್ದಿಗೆ ಅವರು ಗೊಣಗಿದ್ದರು, ನಾಳೆಯೂ ಗೊಣಗುತ್ತಾರೆ.

ಆಯಾಳ ಧ್ವನಿಯನ್ನು ಇನ್ನೊಂದು ಸಲ ಹಾಕಿದಳು. ಅದನ್ನು ಅಳಿಸುವ ಯೋಚನೆ ಅವಳಿಗೆ ಬರಲೇ ಇಲ್ಲ. ನಿಲ್ದಾಣದ ಗುರುತು ಅಲ್ಲೇ ಇರಲಿ. ಯಾರು ಬೇಕಾದರೂ ಮುಟ್ಟಲಿ, ಎರಡು ಕೊಡ ಬೆಂಚಿನ ಕೆಳಗಿಟ್ಟು ಮಲಗಿದ ಒಬ್ಬಳ ಕಥೆ ಕೇಳಲಿ. ಯಾರ ಮನೆಯವಳು ಎಂದು ಮಾತ್ರ ತಿಳಿಯದಿರಲಿ.

ಮೆಟ್ಟಿಲ ಮೇಲೆ ಮೇಡಂ ಚಪ್ಪಲಿಯ ಸದ್ದು ಕೇಳಿಸಿತು. ಅವಳು 'ಅಲ್ಲ' ಎಂಬುದನ್ನು ಒತ್ತಿದಳು. ನೂರ ನಲವತ್ತೇಳರ ಎದುರಿನ ಖಾಲಿ ಚೌಕದಲ್ಲಿ, ಒಂದಕ್ಷರವೂ ತಪ್ಪದ ಹಾಗೆ ನಿಧಾನವಾಗಿ, 'ನಲ್ಲಿಯ ಬಳಿ ಸಾಲು ಉದ್ದ' ಎಂದು ಬರೆದು, ಕೆಳಗೆ ತನ್ನ ನಂಬರು ಹಾಕಿದಳು. ಗೆರೆ ನೀಲಿಯಾಯಿತು.